ಹಳೆಯ ಕೊಲೆ ಕಾಮಿಡಿಯ ಧಾಟಿ ಏರುಪೇರಾದರೆ ಅದನ್ನು ನೋಡುವುದು ಹೇಗೆ

ಹಳೆಯ ಕಪ್ಪು-ಬಿಳುಪು ಕೊಲೆ ಕಾಮಿಡಿ ನೋಡಲು ಕೂತವರು ಅರ್ಧಕ್ಕೇ ಎದ್ದು ಹೋಗುವುದನ್ನು ನಾನು ತುಂಬಾ ಸಲ ನೋಡಿದ್ದೇನೆ. ಯಾಕೆ ಅಂತ ಕೇಳಿದರೆ ಬರುವ ಉತ್ತರ ಹೆಚ್ಚುಕಡಿಮೆ ಒಂದೇ. ಇಲ್ಲಿ ನಗಬೇಕಾ, ಹೆದರಬೇಕಾ, ಗೊತ್ತಾಗ್ತಾ ಇಲ್ಲ. ಹತ್ತು ನಿಮಿಷ ಮನೆಮಂದಿಯ ತಮಾಷೆ, ಆಮೇಲೆ ಇದ್ದಕ್ಕಿದ್ದಂತೆ ಕತ್ತಲು, ಯಾರದೋ ಕುತ್ತಿಗೆಗೆ ಕೈ, ಅದು ಮುಗಿಯುವ ಮೊದಲೇ ಇನ್ಯಾರೋ ಎಡವಿ ಬೀಳುತ್ತಾರೆ. ಆ ದೂರು ಸುಳ್ಳಲ್ಲ. ಇಂಥ ಸಿನಿಮಾಗಳ ಧಾಟಿ ನಿಜವಾಗಿಯೂ ಏರುಪೇರು. ಆದರೆ ಅದು ಎಲ್ಲಿ ಬದಲಾಯಿತು, ಯಾರಿಂದ ಬದಲಾಯಿತು, ಯಾಕೆ ಅಂತ ಹುಡುಕುತ್ತಾ ನೋಡಿದರೆ ಆ ಏರುಪೇರೇ ನೋಡುವುದಕ್ಕೆ ದೊಡ್ಡ ಕಾರಣವಾಗುತ್ತದೆ. ಒಂದೇ ಸಿನಿಮಾ ಇಟ್ಟುಕೊಂಡು ಅದು ಹೇಗೆ ಅಂತ ಹೇಳುತ್ತೇನೆ.

ಸಿನಿಮಾ ‘ಆರ್ಸೆನಿಕ್ ಅಂಡ್ ಓಲ್ಡ್ ಲೇಸ್’. ನಿರ್ದೇಶಕ ಫ್ರಾಂಕ್ ಕಾಪ್ರಾ, ನಾಯಕ ಕ್ಯಾರಿ ಗ್ರಾಂಟ್, ತಯಾರಿಸಿದ್ದು ವಾರ್ನರ್ ಬ್ರದರ್ಸ್. ಚಿತ್ರೀಕರಣ ನಡೆದದ್ದು 1941ರ ಕೊನೆಯಲ್ಲಿ, ತೆರೆಗೆ ಬಂದದ್ದು 1944ರಲ್ಲಿ. ಸುಮಾರು ಎರಡು ಗಂಟೆ. ಮುಂದೆ ಕಥೆಯ ಗುಟ್ಟೆಲ್ಲ ಹೇಳಿಬಿಡುತ್ತೇನೆ, ಹಾಗಾಗಿ ನೋಡಿಲ್ಲದವರು ಒಮ್ಮೆ ನೋಡಿ ಬಂದರೆ ಒಳ್ಳೆಯದು. ಆದರೂ ಒಂದು ಮಾತು. ಕೊಲೆ ಮಾಡಿದವರು ಯಾರು ಅನ್ನುವುದು ಇಲ್ಲಿ ಬೇಗನೆ ಗೊತ್ತಾಗುತ್ತದೆ. ಗೊತ್ತಾದ ಮೇಲೆ ಏನಾಗುತ್ತದೆ ಅನ್ನುವುದೇ ಕಥೆ.

ಕಥೆ ಇಷ್ಟು. ಮಾರ್ಟಿಮರ್ ಬ್ರೂಸ್ಟರ್ ನಾಟಕ ವಿಮರ್ಶಕ. ಮದುವೆಯ ವಿರುದ್ಧ ಬರೆದು ಹೆಸರು ಮಾಡಿದವನು. ಈಗ ಪಕ್ಕದ ಮನೆಯ ಪಾದ್ರಿಯ ಮಗಳು ಎಲೇನ್‌ಳನ್ನು ಮದುವೆಯಾಗಿ, ನಯಾಗರಾಕ್ಕೆ ಹೊರಡುವ ಮೊದಲು ಬ್ರೂಕ್ಲಿನ್‌ನ ಅತ್ತೆಯಂದಿರ ಮನೆಗೆ ಬರುತ್ತಾನೆ. ಅಬಿ ಅತ್ತೆ, ಮಾರ್ಥಾ ಅತ್ತೆ ಇಬ್ಬರೂ ಬೆಣ್ಣೆಯಂಥ ಮನಸ್ಸಿನವರು ಅಂತ ಊರಿಗೆಲ್ಲ ಹೆಸರು. ಅಲ್ಲಿ ಕಿಟಕಿಯ ಕೆಳಗೆ ಕೂರುವ ಪೆಟ್ಟಿಗೆಯಂಥ ಬೆಂಚಿದೆ. ಅದರ ಮುಚ್ಚಳ ಎತ್ತಿದರೆ ಒಳಗೊಂದು ಹೆಣ! ಯಾರೂ ದಿಕ್ಕಿಲ್ಲದ ಮುದುಕರು ಬಾಡಿಗೆ ಕೋಣೆ ಕೇಳಿಕೊಂಡು ಬಂದರೆ ಅತ್ತೆಯಂದಿರು ಎಲ್ಡರ್‌ಬೆರಿ ಹಣ್ಣಿನ ವೈನ್‌ಗೆ ವಿಷ ಬೆರೆಸಿ ಕೊಡುತ್ತಾರೆ. ಪಾಪ, ಒಂಟಿತನದಿಂದ ಬಿಡುಗಡೆ ಸಿಗಲಿ ಅಂತ. ಆಮೇಲೆ ಪ್ರಾರ್ಥನೆ ಮಾಡಿ ನೆಲಮಾಳಿಗೆಯಲ್ಲಿ ಹೂಳುತ್ತಾರೆ. ಇದು ಹನ್ನೆರಡನೆಯದು.

ಮೊದಲ ಸಲ ನೋಡುವಾಗ ಎಲ್ಲೂ ನಿಲ್ಲಿಸಬೇಡಿ. ಪಕ್ಕದಲ್ಲಿ ಒಂದು ಹಾಳೆ, ಪೆನ್ನು ಇರಲಿ. ನಗುತ್ತಿದ್ದವರು ನಗು ನಿಲ್ಲಿಸಿದಾಗ, ಅಥವಾ ಹೆದರಿ ಕೂತಿದ್ದಾಗ ಫಕ್ಕನೆ ನಗು ಬಂದಾಗ, ಆ ನಿಮಿಷವನ್ನು ಮಾತ್ರ ಬರೆದುಕೊಳ್ಳಿ. ಕಾರಣ ಬರೆಯಲು ಹೋಗಬೇಡಿ. ಬರೆಯಲು ಕೂತರೆ ಮುಂದಿನ ಮಾತು ತಪ್ಪಿಹೋಗುತ್ತದೆ, ಈ ಸಿನಿಮಾದಲ್ಲಂತೂ ಮಾತುಗಳು ಒಂದರ ಮೇಲೊಂದು ಬೀಳುತ್ತವೆ. ಸಬ್‌ಟೈಟಲ್ ಹಾಕಿಕೊಳ್ಳಿ, ಅದರಲ್ಲಿ ಸಂಕೋಚ ಬೇಡ.

ಸಾಧ್ಯವಾದರೆ ಒಬ್ಬರೇ ನೋಡಬೇಡಿ. ಇದು ಮೂಲತಃ ನಾಟಕ. ಜೋಸೆಫ್ ಕೆಸೆಲ್‌ರಿಂಗ್ ಬರೆದದ್ದು. 1941ರ ಜನವರಿಯಲ್ಲಿ ನ್ಯೂಯಾರ್ಕ್‌ನ ಬ್ರಾಡ್‌ವೇಯಲ್ಲಿ ಶುರುವಾಗಿ 1,444 ಪ್ರದರ್ಶನ ಕಂಡಿತು. ರಂಗಕ್ಕೆ ಬರೆದ ಹಾಸ್ಯದಲ್ಲಿ ಜನ ನಗುವುದಕ್ಕೆ ಜಾಗ ಬಿಟ್ಟಿರುತ್ತಾರೆ. ನಾಲ್ಕು ಜನ ಸೇರಿ ನೋಡಿದರೆ ಆ ಜಾಗ ತುಂಬುತ್ತದೆ. ರಾತ್ರಿ ಒಬ್ಬರೇ ಇಯರ್‌ಫೋನ್ ಹಾಕಿಕೊಂಡು ನೋಡಿದರೆ ಅದೇ ಜಾಗ ಖಾಲಿ ಹೊಡೆಯುತ್ತದೆ, ಸಿನಿಮಾ ಎಳೆದಾಡುತ್ತಿದೆ ಅನಿಸುತ್ತದೆ. ನಾನು ಮೊದಲು ಒಬ್ಬಳೇ ನೋಡಿದಾಗ ಮಧ್ಯಭಾಗ ಉದ್ದವಾಯಿತು ಅನಿಸಿತ್ತು. ಆಮೇಲೆ ಮನೆಯವರ ಜೊತೆ ನೋಡಿದಾಗ ಅದೇ ಭಾಗ ಹೋದದ್ದೇ ಗೊತ್ತಾಗಲಿಲ್ಲ.

ಈಗ ಹಾಳೆ ತೆಗೆಯಿರಿ. ಬರೆದುಕೊಂಡ ನಿಮಿಷಗಳಿಗೆ ಒಂದೊಂದಾಗಿ ಹಿಂತಿರುಗಿ. ಪ್ರತಿ ಕಡೆಯೂ ಒಂದೇ ಪ್ರಶ್ನೆ ಕೇಳಿ: ಈ ದೃಶ್ಯದಲ್ಲಿ ಯಾರ್ಯಾರಿಗೆ ತಾವು ಯಾವ ಥರದ ಕಥೆಯಲ್ಲಿದ್ದೇವೆ ಅಂತ ಅನಿಸಿದೆ?

ಸುಮ್ನೆ ಕೇಳುವ ಪ್ರಶ್ನೆಯಲ್ಲ ಇದು. ಅತ್ತೆಯಂದಿರನ್ನೇ ನೋಡಿ. ಅವರ ಪ್ರಕಾರ ಅದೊಂದು ಸಾಮಾನ್ಯ ಸಂಜೆ. ಅತಿಥಿಗಳು ಬರುತ್ತಾರೆ, ಹೋಗುತ್ತಾರೆ, ಒಬ್ಬರು ಹೋಗಿಬಿಟ್ಟಿದ್ದಾರೆ, ಅವರ ಕೆಲಸ ಮುಗಿಸಬೇಕು. ಆ ಪಾತ್ರ ಮಾಡಿದ ಜೋಸೆಫೀನ್ ಹಲ್, ಜೀನ್ ಅಡೇರ್ ಇಬ್ಬರೂ ಒಮ್ಮೆಯೂ ಇದು ತಮಾಷೆ ಅಂತ ತೋರಿಸಿಕೊಳ್ಳುವುದಿಲ್ಲ. ತಮ್ಮನ ಮಗ ಬಂದ, ಹೊಸ ಹೆಂಡತಿಗೆ ಕೇಕ್ ಕೊಡಬೇಕು ಅನ್ನುವ ಸಂಭ್ರಮದ ಧ್ವನಿಯಲ್ಲೇ ಹೆಣದ ಮಾತೂ ಬರುತ್ತದೆ. ಇನ್ನೊಬ್ಬ ಸೋದರಳಿಯ ಟೆಡ್ಡಿ ತಾನು ಅಮೆರಿಕದ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಅಂತ ನಂಬಿದವನು. ಅವನಿಗೆ ಮನೆಯ ಮೆಟ್ಟಿಲೇ ರೂಸ್‌ವೆಲ್ಟ್ ಯುದ್ಧದಲ್ಲಿ ಹತ್ತಿದ ಸಾನ್ ಹುವಾನ್ ಬೆಟ್ಟ, ಕೂಗುತ್ತಾ ಓಡಿ ಹತ್ತುತ್ತಾನೆ. ನೆಲಮಾಳಿಗೆ ರೂಸ್‌ವೆಲ್ಟ್ ಅಗೆಸಿದ ಪನಾಮಾ ಕಾಲುವೆ, ಅಲ್ಲಿ ಅಗೆಯುವುದೇ ಅವನ ಕೆಲಸ, ಹೂಳುವ ಹೆಣಗಳೆಲ್ಲ ಹಳದಿ ಜ್ವರಕ್ಕೆ ಸತ್ತವರು. ಈ ಮೂವರೂ ಪೂರಾ ಗಂಭೀರ. ಅದಕ್ಕೇ ನಮಗೆ ನಗು.

ಅಬಿ, ಮಾರ್ಥಾ, ಟೆಡ್ಡಿ, ಈ ಮೂರು ಪಾತ್ರ ಮಾಡಿದವರು ಬ್ರಾಡ್‌ವೇಯಿಂದಲೇ ಬಂದವರು. ನಾಟಕ ಇನ್ನೂ ನಡೆಯುತ್ತಿರುವಾಗಲೇ ರಜೆ ಪಡೆದು ಹಾಲಿವುಡ್‌ಗೆ ಬಂದು ನಟಿಸಿದರು. ತಿಂಗಳುಗಟ್ಟಲೆ ದಿನಾ ಆಡಿದ ಪಾತ್ರ, ಎಲ್ಲಿ ಎಷ್ಟು ಸಾಕು ಅಂತ ಮೈಗೇ ಗೊತ್ತಿರುತ್ತದೆ. ಅವರನ್ನು ನೋಡುವಾಗ ಧಾಟಿ ಒಂದು ಕೂದಲೆಳೆಯೂ ಆಚೀಚೆ ಆಗುವುದಿಲ್ಲ.

ಈಗ ಅದೇ ಚೌಕಟ್ಟಿನಲ್ಲಿ ಮಾರ್ಟಿಮರ್ ಆಗಿರುವ ಗ್ರಾಂಟ್‌ನನ್ನು ನೋಡಿ. ಕಣ್ಣು ಅಗಲ ಮಾಡುತ್ತಾನೆ, ಬಾಯಿ ತೆರೆಯುತ್ತಾನೆ, ಹಾರಿ ಬೀಳುತ್ತಾನೆ, ಕ್ಯಾಮೆರಾ ಕಡೆಗೇ ಮುಖ ಮಾಡುತ್ತಾನೆ. ಅತ್ತೆಯರ ಧಾಟಿ ಮೆಲುದನಿ, ಇವನದು ಕಿರುಚಾಟ. ಗ್ರಾಂಟ್‌ಗೆ ತನ್ನ ಈ ನಟನೆ ಕೊನೆವರೆಗೂ ಹಿಡಿಸಲಿಲ್ಲ, ಅತಿ ಮಾಡಿದೆ ಅನ್ನುವುದು ಅವನದೇ ಅಭಿಪ್ರಾಯವಾಗಿತ್ತು. ನನಗೆ ಮೊದಲ ಹೆಣ ಸಿಕ್ಕ ದೃಶ್ಯದಲ್ಲಿ ಅವನು ತುಂಬಾ ಇಷ್ಟ. ಮುಚ್ಚಳ ಎತ್ತಿ, ನೋಡಿ, ಮುಚ್ಚಿ, ಎರಡು ಹೆಜ್ಜೆ ಹೋದ ಮೇಲೆ ಅವನಿಗೆ ಅದು ತಲೆಗೆ ಹತ್ತುತ್ತದಲ್ವಾ, ಆ ಲೆಕ್ಕ ಪಕ್ಕಾ ಇದೆ. ಆದರೆ ಒಂದು ಗಂಟೆಯಾದ ಮೇಲೂ ಅದೇ ಎತ್ತರದಲ್ಲಿ ಕೂಗುತ್ತಿದ್ದರೆ ಏರುವುದಕ್ಕೆ ಇನ್ನು ಮೆಟ್ಟಿಲೇ ಇರುವುದಿಲ್ಲ. ಇದು ನಿಜವಾದ ದೋಷ ಅಂತಲೇ ನನ್ನ ಲೆಕ್ಕ. ಹಾಳೆಯಲ್ಲಿ ಇಂಥ ಜಾಗಕ್ಕೆ ಬೇರೆ ಗುರುತು ಹಾಕಿ. ಯಾಕೆಂದರೆ ಧಾಟಿಯ ಎಲ್ಲ ಏರುಪೇರೂ ಒಂದೇ ಜಾತಿಯದಲ್ಲ. ಕೆಲವು ಬೇಕು ಅಂತಲೇ ಮಾಡಿದ್ದು, ಕೆಲವು ಕೈತಪ್ಪಿ ಆದದ್ದು. ಇವೆರಡನ್ನೂ ಬೇರೆ ಮಾಡಲು ಕಲಿಯುವುದೇ ಈ ಕೆಲಸದ ಮುಕ್ಕಾಲು ಪಾಲು.

ಬೇಕು ಅಂತ ಮಾಡಿದ್ದಕ್ಕೆ ಒಳ್ಳೆಯ ಉದಾಹರಣೆ ಜೋನಾಥನ್ ಬರುವ ದೃಶ್ಯ. ಮಾರ್ಟಿಮರ್‌ನ ಅಣ್ಣ, ಊರೂರು ತಿರುಗಿ ಕೊಲೆ ಮಾಡಿದವನು. ರಾತ್ರಿ ಬರುತ್ತಾನೆ. ಜೊತೆಗೆ ಡಾಕ್ಟರ್ ಐನ್‌ಸ್ಟೈನ್ ಅಂತ ಒಬ್ಬ ಕುಡುಕ ಸರ್ಜನ್, ಕಾರಿನಲ್ಲಿ ಇನ್ನೊಂದು ಹೆಣ. ಈ ದೃಶ್ಯವನ್ನು ಎರಡನೇ ಸಲ ಧ್ವನಿ ಪೂರ್ತಿ ನಿಲ್ಲಿಸಿ ನೋಡಿ. ಇಷ್ಟು ಹೊತ್ತು ಕೋಣೆಯಲ್ಲಿ ಎಲ್ಲ ಕಡೆ ಬೆಳಕಿತ್ತು, ಪರದೆ, ಲೇಸು, ಮೇಜಿನ ಮೇಲಿನ ಪಿಂಗಾಣಿ ಎಲ್ಲ ಕಾಣುತ್ತಿತ್ತು. ಜೋನಾಥನ್ ಒಳಗೆ ಕಾಲಿಟ್ಟಾಗ ಬೆಳಕು ಕೆಳಗಿಳಿಯುತ್ತದೆ. ಮುಖದ ಅರ್ಧ ಕತ್ತಲು, ಗೋಡೆ ಮೇಲೆ ದೊಡ್ಡ ನೆರಳು. ಛಾಯಾಗ್ರಾಹಕ ಸಾಲ್ ಪೊಲಿಟೊ ಅದೇ ಕೋಣೆಯನ್ನು ಭಯದ ಸಿನಿಮಾದ ಕೋಣೆ ಮಾಡಿಬಿಟ್ಟಿದ್ದಾನೆ, ಒಂದು ಕುರ್ಚಿಯನ್ನೂ ಅಲುಗಾಡಿಸದೆ. ಆಮೇಲೆ ಅದೇ ಐದು ನಿಮಿಷ ಪರದೆಗೆ ಬೆನ್ನು ಹಾಕಿ ಕೂತು ಬರೀ ಕೇಳಿ. ಸಂಗೀತ ಮ್ಯಾಕ್ಸ್ ಸ್ಟೈನರ್‌ದು, ಒಂದೊಂದು ಹೆಜ್ಜೆಯ ಜೊತೆಗೂ ಬರುವ ಸಂಗೀತ ಅದು. ಕಣ್ಣು ಕಿವಿ ಬೇರೆ ಮಾಡಿ ನೋಡಿದ ಮೇಲೆ ಧಾಟಿ ಅನ್ನುವುದು ಗಾಳಿಯಲ್ಲಿ ತೇಲುವ ಸಂಗತಿಯಲ್ಲ, ದೀಪ, ಧ್ವನಿ, ನಟ ನಿಲ್ಲುವ ಜಾಗ ಇವುಗಳಿಂದ ಕೈಯಾರೆ ಮಾಡಿದ್ದು ಅಂತ ಗೊತ್ತಾಗುತ್ತದೆ.

ಯಕ್ಷಗಾನ ನೋಡಿ ಬೆಳೆದವರಿಗೆ ಇದು ಹೊಸತಲ್ಲ. ಹಾಸ್ಯಗಾರ ಬಂದು ನಗಿಸಿ ಹೋದ ಮೇಲೆ ಭಾಗವತರು ಬೇರೆ ಪದ ಎತ್ತಿಕೊಳ್ಳುತ್ತಾರೆ, ಚೆಂಡೆಯ ಪೆಟ್ಟು ಬದಲಾಗುತ್ತದೆ, ನಾವು ಮೈ ನೆಟ್ಟಗೆ ಮಾಡಿ ಕೂರುತ್ತೇವೆ. ಯಾರೂ ಧಾಟಿ ಕೆಟ್ಟಿತು ಅನ್ನುವುದಿಲ್ಲ. ಬದಲಾಗುತ್ತಿದೆ ಅಂತ ಮೊದಲೇ ಸೂಚನೆ ಸಿಕ್ಕಿರುತ್ತದೆ. ಸಿನಿಮಾದಲ್ಲೂ ಅದನ್ನೇ ಹುಡುಕಿ. ತಿರುವಿನ ಮೊದಲು ಸೂಚನೆ ಕೊಟ್ಟಿದ್ದಾರಾ? ಕೊಟ್ಟಿದ್ದರೆ ಅದು ತಿರುವು, ಕೊಡದೆ ಎಳೆದಿದ್ದರೆ ಅದು ಎಡವಟ್ಟು.

ಜೋನಾಥನ್ ವಿಷಯದಲ್ಲಿ ಇನ್ನೊಂದು ಪದರ ಇದೆ. ಅದು ಗೊತ್ತಾಗಬೇಕಾದರೆ ಸಿನಿಮಾದ ಹೊರಗೆ ಹೋಗಬೇಕು. ಪೊಲೀಸರಿಗೆ ಗುರುತು ಸಿಗದಿರಲಿ ಅಂತ ಐನ್‌ಸ್ಟೈನ್ ಅವನ ಮುಖಕ್ಕೆ ಆಪರೇಷನ್ ಮಾಡುವ ಮೊದಲು ಒಂದು ಸಿನಿಮಾ ನೋಡಿದ್ದ, ಕುಡಿದೂ ಇದ್ದ. ಹಾಗಾಗಿ ಜೋನಾಥನ್ ಮುಖ ಬೋರಿಸ್ ಕಾರ್ಲಾಫ್ ಥರ ಆಗಿಬಿಟ್ಟಿದೆ. ಹಾಗೆ ಅಂದರೆ ಅವನಿಗೆ ರೇಗುತ್ತದೆ. ಕಾರ್ಲಾಫ್ 1931ರ ‘ಫ್ರಾಂಕೆನ್‌ಸ್ಟೈನ್’ನಲ್ಲಿ ರಾಕ್ಷಸನ ಪಾತ್ರ ಮಾಡಿದವನು. ಬ್ರಾಡ್‌ವೇ ನಾಟಕದಲ್ಲಿ ಜೋನಾಥನ್ ಪಾತ್ರ ಮಾಡಿದ್ದು ಸ್ವತಃ ಕಾರ್ಲಾಫ್! ತನ್ನ ಹೆಸರಿಗೆ ತಾನೇ ಸಿಟ್ಟಾಗುವುದನ್ನು ಕಣ್ಣೆದುರು ನೋಡುತ್ತಿದ್ದ ಜನ ಎಷ್ಟು ನಕ್ಕಿರಬೇಡ. ನಾಟಕಕ್ಕೆ ಜನ ಬರುವುದೇ ಅವನಿಂದ ಅಂತ ನಿರ್ಮಾಪಕರು ಅವನನ್ನು ಸಿನಿಮಾಕ್ಕೆ ಬಿಡಲಿಲ್ಲ. ಬದಲಿಗೆ ರೇಮಂಡ್ ಮ್ಯಾಸಿ ಬಂದ. ಮ್ಯಾಸಿ ಚೆನ್ನಾಗಿಯೇ ಮಾಡಿದ್ದಾನೆ, ಆದರೆ ಮಾತು ಅದೇ ಉಳಿದು ಆಳು ಬದಲಾದಾಗ ತಮಾಷೆ ಅರ್ಧ ಹೋಯಿತು, ಭಯ ಮಾತ್ರ ಪೂರ್ತಿ ಉಳಿಯಿತು. ಜೋನಾಥನ್ ಈ ಸಿನಿಮಾಕ್ಕೆ ಜಾಸ್ತಿ ಭಾರವಾದ ಅಂತ ನಿಮಗೆ ಅನಿಸಿದ್ದರೆ ಕಾರಣ ಇಲ್ಲಿದೆ.

ಹೀಗೆ ಸಿನಿಮಾ ಹೇಗೆ ತಯಾರಾಯಿತು ಅಂತ ಸ್ವಲ್ಪ ಓದಿಕೊಳ್ಳುವುದು ಈ ಕೆಲಸದಲ್ಲಿ ತುಂಬಾ ಉಪಯೋಗ. ಜಾಸ್ತಿ ಬೇಡ. ಮೂಲ ಕಥೆಯೋ ನಾಟಕವೋ, ಯಾರು ಬದಲಾದರು, ಎಲ್ಲಿ ಸೇರಿಸಿದರು, ಎಲ್ಲಿ ಕತ್ತರಿಸಿದರು, ಇಷ್ಟು ಗೊತ್ತಾದರೆ ಸಾಕು. ಈ ಸಿನಿಮಾ ಶುರುವಾಗುವುದು ಬೇಸ್‌ಬಾಲ್ ಮೈದಾನದ ಹೊಡೆದಾಟದಿಂದ. ಆಮೇಲೆ ಮದುವೆ ಲೈಸೆನ್ಸ್ ಕೊಡುವ ಕಚೇರಿ. ಎರಡೂ ಸಿನಿಮಾಕ್ಕೆ ಸೇರಿಸಿದ್ದು, ನಾಟಕ ನಡೆಯುವುದೆಲ್ಲ ಅತ್ತೆಯರ ಒಂದೇ ಕೋಣೆಯಲ್ಲಿ. ಬೇಸ್‌ಬಾಲ್ ದೃಶ್ಯ ತೆಗೆದುಹಾಕಿದರೆ ಕಥೆಗೆ ಏನೂ ನಷ್ಟವಿಲ್ಲ. ಅಲ್ಲಿ ಹುಟ್ಟುವ ಗಲಾಟೆಯ ನಿರೀಕ್ಷೆಯೇ ಮುಂದಿನ ಮೆಲುದನಿ ತಮಾಷೆಗೆ ಅಡ್ಡ ಬರುತ್ತದೆ. ನೀವು ಸ್ನೇಹಿತರಿಗೆ ತೋರಿಸುವಾಗ ಆ ಎರಡು ನಿಮಿಷ ನೋಡಿ ಬೇಜಾರಾಗಬೇಡಿ ಅಂತ ಮೊದಲೇ ಹೇಳಿಬಿಡಿ.

ಕೊನೆಯನ್ನೂ ಹೋಲಿಸಿ ನೋಡಿ. ನಾಟಕದ ಕೊನೆಯಲ್ಲಿ ಟೆಡ್ಡಿಯನ್ನು ಕರೆದೊಯ್ಯಲು ಬಂದ ಹುಚ್ಚಾಸ್ಪತ್ರೆಯ ಮೇಲ್ವಿಚಾರಕ ವಿದರ್‌ಸ್ಪೂನ್ ಒಂಟಿ ಮನುಷ್ಯ ಅಂತ ಗೊತ್ತಾಗಿ ಅತ್ತೆಯಂದಿರು ಅವನಿಗೂ ವೈನ್ ಕೊಡುತ್ತಾರೆ, ಅಲ್ಲಿಗೆ ಪರದೆ ಬೀಳುತ್ತದೆ. ಎಂಥ ಮುಕ್ತಾಯ! ಸಿನಿಮಾದಲ್ಲಿ ಇದಿಲ್ಲ. ಹಾಲಿವುಡ್‌ನಲ್ಲಿ 1934ರಿಂದ ಪ್ರೊಡಕ್ಷನ್ ಕೋಡ್, ಅಂದರೆ ಸಿನಿಮಾದಲ್ಲಿ ಏನು ತೋರಿಸಬಹುದು, ಏನು ಬಾರದು ಅನ್ನುವ ನಿಯಮಾವಳಿ, ಬಿಗಿಯಾಗಿ ಜಾರಿಯಲ್ಲಿತ್ತು. ಕೊಲೆ ಮಾಡಿದವರು ಗೆದ್ದು ಹೋಗುವ ಹಾಗಿರಲಿಲ್ಲ, ಭಾಷೆಗೂ ಕಡಿವಾಣ. ಮಾರ್ಟಿಮರ್ ತಾನು ಬ್ರೂಸ್ಟರ್ ವಂಶದವನಲ್ಲ, ಆ ಮನೆತನದ ಹುಚ್ಚು ತನಗಿಲ್ಲ ಅಂತ ಗೊತ್ತಾಗಿ ಕುಣಿದಾಡುತ್ತಾ ಹೇಳುವ ಮಾತು ನಾಟಕದಲ್ಲಿ ಒಂದು ಬೈಗುಳ. ಸಿನಿಮಾದಲ್ಲಿ ಅದು ಹಡಗಿನ ಅಡುಗೆಯವನ ಮಗ ಅಂತಾಗಿದೆ. ಸಿನಿಮಾದ ಕೊನೆಯ ಹತ್ತು ನಿಮಿಷ ಯಾಕೆ ಇಷ್ಟು ಗಡಿಬಿಡಿ, ಯಾಕೆ ಕಹಿ ಕಡಿಮೆಯಾಗಿ ಗದ್ದಲ ಜಾಸ್ತಿಯಾಯಿತು ಅನ್ನುವುದಕ್ಕೆ ಈ ಬದಲಾವಣೆಗಳನ್ನು ನೋಡಿದರೆ ತುಂಬಾ ಅರ್ಥವಾಗುತ್ತದೆ.

ಧಾಟಿಗಳ ನಡುವೆ ಸಿಕ್ಕಿಹಾಕಿಕೊಂಡಾಗ ನಾನು ಮಾಡುವ ಇನ್ನೊಂದು ಕೆಲಸ ಇದೆ. ಎರಡೂ ಕಡೆ ಕಾಲಿಟ್ಟವರು ಯಾರು ಅಂತ ಹುಡುಕಿ ಅವರ ಮುಖ ಮಾತ್ರ ನೋಡುತ್ತೇನೆ. ಇಲ್ಲಿ ಅದು ಪೀಟರ್ ಲೋರೆ, ಅಂದರೆ ಡಾಕ್ಟರ್ ಐನ್‌ಸ್ಟೈನ್. ಲೋರೆ 1931ರ ಜರ್ಮನ್ ಸಿನಿಮಾ ‘ಎಂ’ನಲ್ಲಿ ಮಕ್ಕಳನ್ನು ಕೊಲ್ಲುವವನ ಪಾತ್ರ ಮಾಡಿದ್ದ ನಟ. ಆ ಮೆತ್ತನೆಯ ಧ್ವನಿ, ಉರುಟು ಕಣ್ಣು ನೋಡಿದರೇ ಒಂದು ಥರ ನಡುಕ. ಇಲ್ಲಿ ಅದೇ ಧ್ವನಿಯಲ್ಲಿ ಅವನು ಹೆದರುಪುಕ್ಕಲ. ಜೋನಾಥನ್ ಕಂಡರೆ ಅವನಿಗೂ ಭಯ, ಬಿಟ್ಟು ಓಡುವ ಧೈರ್ಯವೂ ಇಲ್ಲ, ಆಗಾಗ ಬಾಟಲಿಗೆ ಬಾಯಿ. ಅವನು ನಡುಗಿದರೆ ಅಪಾಯ ನಿಜ, ಅವನು ನಿಟ್ಟುಸಿರು ಬಿಟ್ಟರೆ ನಾವೂ ಬಿಡಬಹುದು. ಸಿನಿಮಾದ ಎರಡು ತುಂಡುಗಳನ್ನು ಹೊಲಿದಿರುವ ದಾರ ಅವನೇ. ನನ್ನ ಕಣ್ಣಿಗೆ ಇಡೀ ಸಿನಿಮಾದ ಅತ್ಯುತ್ತಮ ನಟನೆಯೂ ಅವನದೇ.

ಒಂದು ಜಾಗವನ್ನಂತೂ ನಿಧಾನವಾಗಿ, ಎರಡು ಮೂರು ಸಲ ನೋಡಲೇಬೇಕು. ಜೋನಾಥನ್ ತಾನು ಕೊಂದವರ ಲೆಕ್ಕ ಹೇಳುತ್ತಾನೆ, ಹದಿಮೂರು. ಅದರಲ್ಲೊಬ್ಬ ಲೆಕ್ಕಕ್ಕಿಲ್ಲ, ಹನ್ನೆರಡೇ ಅಂತ ಐನ್‌ಸ್ಟೈನ್ ತಿದ್ದುತ್ತಾನೆ. ಆಮೇಲೆ ಹೇಳುತ್ತಾನೆ, ಅತ್ತೆಯಂದಿರದೂ ಹನ್ನೆರಡೇ, ಅದೂ ಬ್ರೂಕ್ಲಿನ್ ಬಿಟ್ಟು ಹೋಗದೆ. ಎಲ್ಲರೂ ನಗುವ ಜಾಗ. ಆದರೆ ಜೋನಾಥನ್‌ಗೆ ಇದು ಅವಮಾನ. ಮುದುಕಿಯರಿಗಿಂತ ಮುಂದೆ ಹೋಗಬೇಕಾದರೆ ಇನ್ನೊಬ್ಬರು ಸಾಯಬೇಕು, ಆ ಇನ್ನೊಬ್ಬ ಮಾರ್ಟಿಮರ್. ನಕ್ಕ ಅದೇ ಸಂಖ್ಯೆ ಅರ್ಧ ನಿಮಿಷದಲ್ಲಿ ಬೆದರಿಕೆಯಾಗುತ್ತದೆ. ಧಾಟಿ ಬದಲಾಯಿತು, ಆದರೆ ಎಲ್ಲೂ ಬಿರುಕಿಲ್ಲ, ಯಾಕೆಂದರೆ ಬದಲಾವಣೆ ತಮಾಷೆಯ ಒಳಗಿನಿಂದಲೇ ಬಂತು. ಇದಾದ ಮೇಲೆ ಮಾರ್ಟಿಮರ್ ಕುರ್ಚಿಯಲ್ಲಿ ಕೂತು, ತಾನು ನೋಡಿದ ಕೆಟ್ಟ ನಾಟಕದಲ್ಲಿ ಒಬ್ಬ ದಡ್ಡ ಹಿಂದೆ ನೋಡದೆ ಹೇಗೆ ಸಿಕ್ಕಿಬಿದ್ದ ಅಂತ ಅಭಿನಯಿಸಿ ತೋರಿಸುತ್ತಾನೆ. ಅದೇ ಹೊತ್ತಿಗೆ ಹಿಂದಿನಿಂದ ಜೋನಾಥನ್ ಪರದೆಯ ಹಗ್ಗ ಕತ್ತರಿಸಿಕೊಂಡು ಬಂದು ಅವನನ್ನು ಕಟ್ಟಿಹಾಕುತ್ತಾನೆ. ಆಮೇಲೆ ಪೊಲೀಸ್ ಬರುತ್ತಾನೆ, ಕಟ್ಟಿ ಬಿದ್ದವನನ್ನು ಬಿಡಿಸುವ ಬದಲು ತಾನು ಬರೆದ ನಾಟಕದ ಕಥೆ ಹೇಳಲು ಶುರು ಮಾಡುತ್ತಾನೆ! ಈ ಮೂರೂ ದೃಶ್ಯಗಳಲ್ಲಿ ಭಯವೂ ನಗುವೂ ಒಂದೇ ಸಲ ಬರುತ್ತವೆ, ಸರದಿಯಲ್ಲಲ್ಲ. ಒಳ್ಳೆಯ ಕೊಲೆ ಕಾಮಿಡಿ ಅಂದರೆ ಏನು ಅಂತ ಯಾರಾದರೂ ಕೇಳಿದರೆ ನಾನು ಈ ಭಾಗ ತೋರಿಸುತ್ತೇನೆ.

ಒಂದು ವಿಷಯ ಬೇರೆಯಾಗಿ ಇಟ್ಟುಕೊಳ್ಳಿ. ಟೆಡ್ಡಿಯ ಕಾಯಿಲೆಯನ್ನು ನೋಡಿ ನಗುವುದು ಇವತ್ತು ಕಷ್ಟ ಅನಿಸಬಹುದು. ಮನೆಯಲ್ಲಿ ಅಂಥವರನ್ನು ನೋಡಿಕೊಂಡವರಿಗಂತೂ ಚುಚ್ಚುತ್ತದೆ, ಅದು ಸಹಜ. ಆದರೆ ಅದು ಧಾಟಿ ತಪ್ಪಿದ್ದಲ್ಲ. ಆ ಕಾಲಕ್ಕೂ ನಮ್ಮ ಕಾಲಕ್ಕೂ ಇರುವ ದೂರ. ಹಾಳೆಯಲ್ಲಿ ಎರಡನ್ನೂ ಒಂದೇ ಸಾಲಿಗೆ ಬರೆದರೆ ಮಾತಾಡುವಾಗ ಎರಡಕ್ಕೂ ನ್ಯಾಯ ಸಿಗುವುದಿಲ್ಲ.

ಇಷ್ಟು ಅಭ್ಯಾಸವಾದ ಮೇಲೆ 1934ರ ‘ದಿ ಥಿನ್ ಮ್ಯಾನ್’ ನೋಡಿ. ವಿಲಿಯಂ ಪೊವೆಲ್, ಮಿರ್ನಾ ಲಾಯ್ ಗಂಡ ಹೆಂಡತಿ, ಜೊತೆಗೆ ಆಸ್ಟಾ ಅನ್ನುವ ನಾಯಿ. ಇದು ಸರಿಯಾದ ಪತ್ತೇದಾರಿ ಕಥೆ. ಇಲ್ಲಿ ತಿರುವು ಉಲ್ಟಾ. ಶುರುವಿನ ಭಾಗದಲ್ಲಿ ನಾಯಕ ನಾಯಕಿ ಇಲ್ಲವೇ ಇಲ್ಲ, ಒಬ್ಬ ವಿಜ್ಞಾನಿಯ ವರ್ಕ್‌ಶಾಪು, ಅವನ ಮನೆಯ ರಗಳೆ, ಗಂಭೀರವಾಗಿ ಸಾಗುತ್ತದೆ. ಆಮೇಲೆ ಪೊವೆಲ್ ಬಾರ್‌ನಲ್ಲಿ ಕಾಕ್‌ಟೇಲ್ ಕಲಕುತ್ತಾ ಕಾಣಿಸಿಕೊಂಡಾಗ ಬೇರೆಯೇ ಸಿನಿಮಾ ಶುರುವಾದ ಹಾಗೆ. ನಡುವೆ ರಾತ್ರಿ ಆ ವರ್ಕ್‌ಶಾಪಿಗೆ ಅವನು ನಾಯಿ ಜೊತೆ ಹೋಗುವ ದೃಶ್ಯವಿದೆ. ಕತ್ತಲು, ಟಾರ್ಚು, ಹೂತಿಟ್ಟ ಅಸ್ಥಿ. ಛಾಯಾಗ್ರಾಹಕ ಜೇಮ್ಸ್ ವಾಂಗ್ ಹೌ. ಅಷ್ಟು ಭಯದ ಜಾಗದಲ್ಲೂ ಪೊವೆಲ್ ನಾಯಿಯ ಜೊತೆ ಮಾತಾಡುತ್ತಾ ಇರುತ್ತಾನೆ, ಧ್ವನಿ ಏರುವುದೇ ಇಲ್ಲ. ಗ್ರಾಂಟ್‌ನ ಕಿರುಚಾಟವನ್ನು ಇದರ ಪಕ್ಕ ಇಟ್ಟು ನೋಡಿ, ಧಾಟಿ ಕಾಯುವುದು ಅಂದರೆ ಏನು ಅಂತ ಥಟ್ಟನೆ ಕಾಣುತ್ತದೆ.

ಮನೆಯವರಿಗೋ ಸ್ನೇಹಿತರಿಗೋ ತೋರಿಸುವುದಾದರೆ ಈ ವಿವರಣೆ ಯಾವುದನ್ನೂ ಮೊದಲೇ ಹೇಳಬೇಡಿ. ಹಳೆಯ ಸಿನಿಮಾ, ನಗುವೂ ಭಯವೂ ಎರಡೂ ಇದೆ, ಎರಡಕ್ಕೂ ತಯಾರಿರಿ ಅಂದರೆ ಸಾಕು. ಬೇಸ್‌ಬಾಲ್ ಬಗ್ಗೆ ಮಾತ್ರ ಎಚ್ಚರಿಸಿ. ಮಧ್ಯೆ ಚಹಾ ವಿರಾಮ ಬೇಕಾದರೆ ಜೋನಾಥನ್ ಬಾಗಿಲು ಬಡಿಯುವ ಮೊದಲು ಕೊಡಿ, ಆಮೇಲೆ ಕೊಟ್ಟರೆ ಕಟ್ಟಿದ ಕತ್ತಲೆಲ್ಲ ಹೋಗಿಬಿಡುತ್ತದೆ. ಮುಗಿದ ಮೇಲೆ ಹೇಗಿತ್ತು ಅಂತ ಕೇಳಬೇಡಿ, ಚೆನ್ನಾಗಿತ್ತು ಅಂದು ಎದ್ದು ಹೋಗುತ್ತಾರೆ. ನಗು ಎಲ್ಲಿ ನಿಂತಿತು ಅಂತ ಒಬ್ಬೊಬ್ಬರನ್ನೂ ಕೇಳಿ. ನಮ್ಮ ಮನೆಯಲ್ಲಿ ಕೇಳಿದಾಗ ಒಬ್ಬರು ಜೋನಾಥನ್ ನೆರಳು ಅಂದರು, ಒಬ್ಬರು ಎಲೇನ್‌ಳ ಬಾಯಿ ಒತ್ತಿ ಹಿಡಿದ ಜಾಗ ಅಂದರು. ನನ್ನ ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಮುದುಕರಿಗೆ ಹುಡುಕಿಕೊಂಡು ಬರುವವರು ಯಾರೂ ಇರಲಿಲ್ಲವಲ್ಲ, ಅದನ್ನು ಕೇಳಿದಾಗಲೇ ನನ್ನ ನಗು ನಿಂತಿತು ಅಂದರು. ಎಲ್ಲರೂ ಮತ್ತೆ ಕೂತು ಆ ದೃಶ್ಯವನ್ನು ಇನ್ನೊಮ್ಮೆ ಹಾಕಿ ನೋಡಿದೆವು.